ಮೂಗಿನ ದಾರಿಯ ಪಿಟ್ಯುಟರಿ ಆಪರೇಷನ್: ವಾಸನೆ ಉಳಿಸಿಕೊಳ್ಳಲು ಏನೇನು ಮಾಡಬೇಕು

ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಎಂಬ ಹಾರ್ಮೋನ್ ಗ್ರಂಥಿಯಲ್ಲಿ ಗಡ್ಡೆ ಇದೆ, ಮೂಗಿನೊಳಗಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಹಾಕಿ ತೆಗೆಯಬಹುದು ಎಂದು ಡಾಕ್ಟರು ಹೇಳಿದ ಮೇಲೆ ಮನೆಯವರು ಕಣ್ಣಿನ ಬಗ್ಗೆ ಕೇಳುತ್ತಾರೆ, ಹಾರ್ಮೋನಿನ ಬಗ್ಗೆ ಕೇಳುತ್ತಾರೆ, ಖರ್ಚೆಷ್ಟು ಎಂದು ಕೇಳುತ್ತಾರೆ. ವಾಸನೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಒಲೆಯ ಮೇಲಿನ ಹಾಲು ಸೀದು ತಳ ಹತ್ತಿದರೂ ಗೊತ್ತಾಗದೆ ಹೋದ ದಿನ ಅದರ ನೆನಪಾಗುತ್ತದೆ. ಆಪರೇಷನ್ ಟೇಬಲ್ ಮೇಲೆ ನಡೆಯುವುದು ಸರ್ಜನ್ ಕೈಯಲ್ಲಿದೆ, ನಿಜ. ಆದರೆ ಅದಕ್ಕೆ ಮುಂಚಿನ ಮಾತುಕತೆ ಮತ್ತು ಅದಾದ ಮೇಲಿನ ಮೂರು ತಿಂಗಳ ಆರೈಕೆ ನಿಮ್ಮ ಕೈಯಲ್ಲಿದೆ. ಈ ಲೇಖನ ಅವೆರಡರ ಬಗ್ಗೆ.

ಗಡ್ಡೆ ಎಲ್ಲಿದೆ ಎಂದು ಮೊದಲು ತಿಳಿಯಿರಿ

ಎರಡು ಹುಬ್ಬುಗಳ ನಡುವಿನಿಂದ ಸ್ವಲ್ಪ ಹಿಂದಕ್ಕೆ, ಮೂಗಿನ ಚಾವಣಿಯಲ್ಲಿ ಜರಡಿಯಂತೆ ತೂತುಗಳಿರುವ ತೆಳ್ಳನೆಯ ಮೂಳೆ ಇದೆ. ಅದರ ಕೆಳಗೆ, ಮೂಗಿನ ನಡುಗೋಡೆಯ ಮೇಲ್ಭಾಗದಲ್ಲೂ ಪಕ್ಕದ ಮೇಲಿನ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಚಾಚಿದ ಸುರುಳಿ ಮೂಳೆ) ಮೇಲೂ ವಾಸನೆ ಹಿಡಿಯುವ ಪೊರೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಹೊರಟ ನರದ ಎಳೆಗಳು, ಒಂದೊಂದು ಕಡೆ ಸುಮಾರು ಇಪ್ಪತ್ತು, ಆ ತೂತುಗಳ ಮೂಲಕ ಮೇಲೇರಿ ಮಿದುಳಿನ ಅಡಿಯಲ್ಲಿರುವ ಘ್ರಾಣ ಬಲ್ಬ್ ಸೇರುತ್ತವೆ.

ಪಿಟ್ಯುಟರಿ ಇರುವುದು ಇದಕ್ಕಿಂತ ಹಿಂದೆ, ಸ್ಫೀನಾಯ್ಡ್ ಸೈನಸ್ ಎಂಬ ಗಾಳಿಯ ಗೂಡಿನ ಆಚೆ. ಸರ್ಜನ್ ಹೋಗುವ ದಾರಿ ವಾಸನೆಯ ಪೊರೆಯ ಕೆಳಗಿಂದ ಸಾಗುತ್ತದೆ, ಅದನ್ನು ಸೀಳಿಕೊಂಡೇ ಹೋಗಬೇಕೆಂದಿಲ್ಲ. ಹಾಗಾಗಿ ಪಿಟ್ಯುಟರಿ ಅಡಿನೋಮ (ಕ್ಯಾನ್ಸರ್ ಅಲ್ಲದ ಗಡ್ಡೆ), ರಾಥ್ಕೆ ಸಿಸ್ಟ್ (ಅಲ್ಲೇ ಬರುವ ನೀರುಗುಳ್ಳೆ), ಇನ್ನೂ ಹಿಂದೆ ತಲೆಬುರುಡೆಯ ಬುಡದ ಮೂಳೆಯಲ್ಲಿ ಹುಟ್ಟುವ ಕಾರ್ಡೋಮ ಇಂಥವುಗಳಲ್ಲಿ ವಾಸನೆ ಉಳಿಸುವ ಗುರಿ ಇಟ್ಟುಕೊಳ್ಳುವುದು ನ್ಯಾಯವೇ.

ಕೆಲವು ಗಡ್ಡೆಗಳ ಲೆಕ್ಕ ಬೇರೆ. ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಆಲ್ಫ್ಯಾಕ್ಟರಿ ಗ್ರೂವ್ ಮೆನಿಂಜಿಯೋಮ ಎಂಬ ಗಡ್ಡೆ ಕೂತಿರುವುದೇ ಆ ಜರಡಿ ಮೂಳೆಯ ಮೇಲೆ. ಮೂಗಿನಿಂದ ಅದನ್ನು ತೆಗೆಯಬೇಕೆಂದರೆ ಮೂಳೆಯನ್ನೇ ತೆಗೆಯಬೇಕು, ಎರಡೂ ಕಡೆ ತೆಗೆದರೆ ವಾಸನೆ ವಾಪಸ್ ಬರುವುದಿಲ್ಲ. ತಲೆಬುರುಡೆ ತೆರೆದು ಮೇಲಿನಿಂದ ಹೋದರೆ ಕೆಲವೊಮ್ಮೆ ಒಂದು ಕಡೆಯ ನರವಾದರೂ ಉಳಿಯುತ್ತದೆ. ಆದ್ದರಿಂದ ಈ ಗಡ್ಡೆಯಿದ್ದು ವಾಸನೆ ಇನ್ನೂ ಚೆನ್ನಾಗಿದ್ದರೆ, 'ಮೂಗಿನಿಂದಲೋ ತಲೆಯಿಂದಲೋ' ಎಂಬುದನ್ನು ಗಾಯದ ಗುರುತು ಕಾಣುತ್ತದೋ ಇಲ್ಲವೋ ಎಂಬುದರ ಮೇಲೆ ತೀರ್ಮಾನಿಸಬೇಡಿ. ವಾಸನೆಯ ಪೊರೆಯಲ್ಲೇ ಹುಟ್ಟುವ ಎಸ್ತೀಶಿಯೋನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್‌ನಲ್ಲಂತೂ ಗಡ್ಡೆ ಪೂರ್ತಿ ತೆಗೆಯುವುದೇ ಮುಖ್ಯ. ಒಂದೇ ಕಡೆಗೆ ಸೀಮಿತವಾಗಿದ್ದಾಗ ಮಾತ್ರ ಇನ್ನೊಂದು ಕಡೆ ಉಳಿಸುವ ಮಾತು ಏಳುತ್ತದೆ.

ಆಪರೇಷನ್ನಿಗೆ ಮೊದಲು ವಾಸನೆಯನ್ನು ಅಳೆಸಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಮೊದಲು ಎಷ್ಟಿತ್ತು ಎಂದು ಬರೆದಿಡದಿದ್ದರೆ ಆಮೇಲೆ ಎಷ್ಟು ಹೋಯಿತು ಎಂದು ಯಾರೂ ಹೇಳಲಾರರು. ಅಲರ್ಜಿ, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು), ಹಿಂದೆ ಬಂದ ಕೋವಿಡ್, ವಯಸ್ಸು, ಇವುಗಳಿಂದ ವಾಸನೆ ಆಗಲೇ ಅರ್ಧ ಕುಗ್ಗಿರಬಹುದು, ನಿಧಾನವಾಗಿ ಕುಗ್ಗಿದ್ದಕ್ಕೆ ನಿಮಗೆ ತಿಳಿದೇ ಇರುವುದಿಲ್ಲ. ಒಂದು ಹೊಳ್ಳೆಯಲ್ಲಿ ಪೂರ್ತಿ ಹೋಗಿದ್ದರೂ ಇನ್ನೊಂದು ಸರಿಯಿದ್ದರೆ ದಿನನಿತ್ಯದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ದೊಡ್ಡ ಇಎನ್‌ಟಿ ವಿಭಾಗಗಳಲ್ಲಿ ಸ್ನಿಫಿನ್ ಸ್ಟಿಕ್ಸ್ ಎಂಬ ಪೆನ್ನುಗಳ ಪರೀಕ್ಷೆ ಇರಬಹುದು. ಅದರಲ್ಲಿ ಮೂರು ಭಾಗ, ಒಂದೊಂದಕ್ಕೆ 16, ಒಟ್ಟು 48 ಅಂಕ. 30ರ ಮೇಲೆ ಬಂದರೆ ಸರಿಸುಮಾರು ಚೆನ್ನಾಗಿದೆ, 16ರ ಒಳಗೆ ಬಂದರೆ ವಾಸನೆ ಇಲ್ಲವೆಂದೇ ಲೆಕ್ಕ. ಯುಪಿಸಿಟ್ ಎಂಬ ಇನ್ನೊಂದರಲ್ಲಿ ಉಜ್ಜಿ ಮೂಸುವ 40 ವಾಸನೆಗಳಿರುತ್ತವೆ. ಅದರ ಕೆಲವು ವಾಸನೆಗಳು ಅಮೆರಿಕದ ಅಡುಗೆಮನೆಯವು, ನಮ್ಮ ಕಡೆಯವರಿಗೆ ಹೆಸರು ಗೊತ್ತಿಲ್ಲದೆ ಅಂಕ ಹೋಗುವುದುಂಟು.

ಎರಡೂ ಸಿಗದಿದ್ದರೆ ಮನೆಯಲ್ಲೇ ಹೀಗೆ ಮಾಡಿ. ಒಳಗಿರುವುದು ಕಾಣದಂಥ ಆರು ಚಿಕ್ಕ ಡಬ್ಬಿ ತೆಗೆದುಕೊಳ್ಳಿ. ಕಾಫಿ ಪುಡಿ, ಇಂಗು, ಏಲಕ್ಕಿ ಪುಡಿ, ಹೊಸದಾಗಿ ಸುಲಿದ ಕಿತ್ತಳೆ ಸಿಪ್ಪೆ, ಮಲ್ಲಿಗೆ, ಜಜ್ಜಿದ ಬೆಳ್ಳುಳ್ಳಿ ಒಂದೊಂದರಲ್ಲಿ ಹಾಕಿ ಮೇಲೆ ತೆಳ್ಳಗೆ ಹತ್ತಿ ಮುಚ್ಚಿ. ನೀವು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಂದು ಹೊಳ್ಳೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಜೋರಾಗಿ ಒತ್ತಿದರೆ ನಡುಗೋಡೆ ವಾಲಿ ತೆರೆದ ಹೊಳ್ಳೆಯೂ ಅರ್ಧ ಮುಚ್ಚುತ್ತದೆ. ಮನೆಯವರೊಬ್ಬರು ಡಬ್ಬಿಯನ್ನು ಹೊಳ್ಳೆಯಿಂದ 2 ಸೆಂಟಿಮೀಟರ್ ದೂರದಲ್ಲಿ ಹಿಡಿದು ನಾಲ್ಕು ಹೆಸರು ಓದಲಿ, ನೀವು ಅದರಲ್ಲೊಂದನ್ನು ಆರಿಸಿ. ಏನೋ ಪರಿಚಿತ ವಾಸನೆ ಅನ್ನಿಸಿದರೂ ಹೆಸರು ನೆನಪಾಗದಿರುವುದು ಎಲ್ಲರಿಗೂ ಸಹಜ, ಆಯ್ಕೆ ಕೊಡುವುದು ಅದಕ್ಕೇ. ಒಂದಕ್ಕೂ ಇನ್ನೊಂದಕ್ಕೂ ಅರ್ಧ ನಿಮಿಷ ಬಿಡಿ. ಎಡ, ಬಲ ಬೇರೆಬೇರೆ ಬರೆದು ತಾರೀಕು ಹಾಕಿ ಆಸ್ಪತ್ರೆಯ ಫೈಲಿನಲ್ಲಿ ಇಡಿ.

ಕರ್ಪೂರ, ವಿಕ್ಸ್, ಅಮೃತಾಂಜನ, ನೀಲಗಿರಿ ಎಣ್ಣೆ, ಸ್ಪಿರಿಟ್ ಇವನ್ನು ಪರೀಕ್ಷೆಗೆ ಬಳಸಬೇಡಿ. ಇವು ಮುಖದ ಸಂವೇದನೆಯ ನರವಾದ ಟ್ರೈಜೆಮಿನಲ್ ಅನ್ನು ಚುರುಗುಟ್ಟಿಸುತ್ತವೆ. ವಾಸನೆ ಒಂದಿಷ್ಟೂ ಇಲ್ಲದವರೂ 'ವಿಕ್ಸ್ ಗೊತ್ತಾಯಿತು' ಅನ್ನುತ್ತಾರೆ, ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ.

ಇದೇ ಸಮಯದಲ್ಲಿ ಇನ್ನೆರಡು ಕೆಲಸ ಮುಗಿಸಿ. ಸೈನಸ್ ಸೋಂಕು, ಪಾಲಿಪ್, ಅಲರ್ಜಿ ಇದ್ದರೆ ಚಿಕಿತ್ಸೆ ಮೊದಲೇ ಶುರುವಾಗಲಿ, ಬೀಡಿ ಸಿಗರೇಟು ನಿಲ್ಲಲಿ. ಮತ್ತೆ, ಮನೆಗೆ ಗ್ಯಾಸ್ ಸೋರಿಕೆಯ ಅಲಾರಂ ತನ್ನಿ. ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಮೊದಲ ಕೆಲವು ವಾರ ಮೂಗು ಕಟ್ಟಿಯೇ ಇರುತ್ತದೆ. ಸಿಲಿಂಡರ್‌ನ ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟಾನ್ ಎಂಬ ನಾತದ ವಸ್ತು ಬೆರೆಸಿರುತ್ತಾರೆ. ಅದು ನಿಮಗೆ ತಿಳಿಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಅಲಾರಂ ನೆಲದಿಂದ ಒಂದು ಅಡಿ ಎತ್ತರದಲ್ಲಿರಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಚಾವಣಿಯ ಹತ್ತಿರ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅಲಾರಂ ಇದ್ದೂ ಇಲ್ಲದಂತೆ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906 ಅನ್ನು ಗೋಡೆಯ ಮೇಲೆ ಬರೆದಿಡಿ.

ಸರ್ಜನ್ ಹತ್ತಿರ ಕೇಳಬೇಕಾದದ್ದು

'ವಾಸನೆ ಉಳಿಯುತ್ತದಾ ಡಾಕ್ಟ್ರೇ?' ಎಂದು ಕೇಳಿದರೆ 'ಪ್ರಯತ್ನ ಮಾಡ್ತೀವಿ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಪ್ರಶ್ನೆಯನ್ನು ಬಿಡಿಬಿಡಿಯಾಗಿ ಕೇಳಿ. ಮೊದಲನೆಯದಾಗಿ, ನ್ಯೂರೋಸರ್ಜನ್ ಜೊತೆ ಇಎನ್‌ಟಿ ಸರ್ಜನ್ ಇರುತ್ತಾರಾ? ಮೂಗಿನೊಳಗಿನ ಕೆಲಸ, ಆಮೇಲಿನ ಶುಚಿ, ಎರಡೂ ಅವರ ವಿದ್ಯೆ.

ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ನಡುಗೋಡೆಯ ಫ್ಲ್ಯಾಪ್ ತೆಗೆಯುತ್ತೀರಾ? ಗಡ್ಡೆ ತೆಗೆದಾಗ ಮಿದುಳಿನ ಸುತ್ತಲ ನೀರು, ಅಂದರೆ ಸಿಎಸ್‌ಎಫ್, ಮೂಗಿಗೆ ಸೋರಬಹುದು. ಆ ತೂತನ್ನು ಮುಚ್ಚಲು ಮೂಗಿನ ನಡುಗೋಡೆಯ ಲೋಳೆಪೊರೆಯನ್ನೇ ಅದರ ರಕ್ತನಾಳದ ಸಮೇತ ಎಬ್ಬಿಸಿ ತಿರುಗಿಸಿ ಹೊದಿಸುತ್ತಾರೆ. ಅರ್ಜೆಂಟೀನಾದ ರೊಸಾರಿಯೊ ನಗರದ ಹದಾದ್ ಮತ್ತು ಬಸ್ಸಗಸ್ತೆಗಿ ರೂಪಿಸಿದ ಈ ವಿಧಾನ 2006ರಲ್ಲಿ ಪ್ರಕಟವಾದ ಮೇಲೆ ದೊಡ್ಡ ತೂತುಗಳ ಸೋರಿಕೆ ಬಹಳ ಕಡಿಮೆಯಾಯಿತು. ಅದಕ್ಕೆ ತೆರುವ ಬೆಲೆ ಮೂಗಿನದು. ಫ್ಲ್ಯಾಪ್ ತೆಗೆದ ಜಾಗ ಬರಿದಾಗಿ ವಾರಗಟ್ಟಲೆ ಹಕ್ಕಳೆ ಕಟ್ಟುತ್ತದೆ. ಫ್ಲ್ಯಾಪ್ ಬಿಡಿಸಲು ಹಾಕುವ ಮೇಲಿನ ಗೀರು ಎತ್ತರಕ್ಕೆ ಹೋದರೆ ವಾಸನೆಯ ಪೊರೆಯೂ ಫ್ಲ್ಯಾಪಿನ ಜೊತೆ ಹೋಗುತ್ತದೆ.

ಚಿಕ್ಕ ಅಡಿನೋಮದಲ್ಲಿ ಸೋರಿಕೆಯ ನಿರೀಕ್ಷೆ ಕಡಿಮೆಯಿದ್ದರೆ ಮೊದಲೇ ಪೂರ್ತಿ ಫ್ಲ್ಯಾಪ್ ಎಬ್ಬಿಸಬೇಕಾಗಿಲ್ಲ. ರಕ್ತನಾಳ ಬರುವ ಬುಡದ ಭಾಗವನ್ನಷ್ಟೇ ಕೆಳಕ್ಕೆ ಸರಿಸಿ ಕಾಪಾಡಿ, ಸೋರಿಕೆ ಕಂಡರೆ ಮಾತ್ರ ಉಳಿದದ್ದನ್ನು ಬಿಡಿಸುವ 'ರೆಸ್ಕ್ಯೂ ಫ್ಲ್ಯಾಪ್' ಕ್ರಮವಿದೆ. ನಿಮ್ಮ ಗಡ್ಡೆಗೆ ಅದು ಸಾಕಾಗುತ್ತದಾ ಎಂದು ಕೇಳಿ. ಆದರೆ ದೊಡ್ಡ ಸೋರಿಕೆ ಖಚಿತವಿರುವ ಗಡ್ಡೆಯಲ್ಲಿ ವಾಸನೆಗಾಗಿ ಫ್ಲ್ಯಾಪ್ ಬೇಡ ಎಂದು ಹಟ ಹಿಡಿಯಬೇಡಿ. ಸೋರಿಕೆ ನಿಲ್ಲದಿದ್ದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಯ ಸೋಂಕು, ಬರಬಹುದು, ಅದರ ಮುಂದೆ ವಾಸನೆಯ ತೂಕ ಕಡಿಮೆ.

ಮೂರನೆಯದು ಗೀರಿನದು: ಎಷ್ಟು ಕೆಳಗೆ, ಯಾವುದರಿಂದ? ನಡುಗೋಡೆಯ ಮೇಲ್ತುದಿಯಲ್ಲಿ 1ರಿಂದ 1.5 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮುಟ್ಟದೆ ಬಿಡುವುದು ರೂಢಿ. ಸ್ಫೀನಾಯ್ಡ್ ಸೈನಸ್ಸಿನ ಬಾಯಿ ಇರುವ ಮಟ್ಟವನ್ನು ಗುರುತಾಗಿ ಇಟ್ಟುಕೊಂಡು ಅದಕ್ಕಿಂತ ಮೇಲೆ ಹೋಗದಿರಲು ನೋಡುತ್ತಾರೆ. ಮೇಲಿನ ಗೀರಿಗೆ ಕಾಟರಿಗಿಂತ (ಬಿಸಿಯಿಂದ ಸುಟ್ಟು ಕೊಯ್ಯುವ ವಿದ್ಯುತ್ ಉಪಕರಣ) ಚಾಕುವೇ ಲೇಸು ಎನ್ನುವವರು ಹಲವರು. ಕಾಟರಿಯ ಬಿಸಿ ಮೊನೆ ಮುಟ್ಟಿದಲ್ಲಿಗೇ ನಿಲ್ಲದೆ ಸುತ್ತಲೂ ಹರಡುತ್ತದೆ. ಸುಟ್ಟ ವಾಸನೆಯ ಪೊರೆ ಮಾಯುವಾಗ ಅದರ ಜಾಗದಲ್ಲಿ ಉಸಿರಾಟದ ಸಾದಾ ಪೊರೆ ಬೆಳೆಯಬಹುದು. ನೋಡಲು ಗುಲಾಬಿ ಬಣ್ಣದಲ್ಲಿ ಆರೋಗ್ಯವಾಗೇ ಕಾಣುತ್ತದೆ, ವಾಸನೆ ಮಾತ್ರ ಹಿಡಿಯುವುದಿಲ್ಲ.

ಇನ್ನು ಟರ್ಬಿನೇಟ್‌ಗಳು. ನಡುವಿನ ಟರ್ಬಿನೇಟನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡು ಕೊನೆಯಲ್ಲಿ ವಾಪಸ್ ತಂದಿಡಬಹುದೇ? ಮೇಲಿನ ಟರ್ಬಿನೇಟಿನ ಕೆಳತುದಿಯನ್ನು ತೆಗೆಯಬೇಕಾಗಬಹುದು, ಮೇಲಿನ ಭಾಗವನ್ನು ಬಿಡುತ್ತೀರಾ? ಇವನ್ನೂ ಕೇಳಿ. ಯಾರೂ ಸಿಟ್ಟಾಗುವುದಿಲ್ಲ. ಇದನ್ನೆಲ್ಲ ದಿನವೂ ಯೋಚಿಸುವ ಸರ್ಜನ್ ಸಿಟಿ ಸ್ಕ್ಯಾನ್ ತೆರೆದು ನಿಮ್ಮ ನಡುಗೋಡೆ ಯಾವ ಕಡೆ ವಾಲಿದೆ, ಯಾವ ಹೊಳ್ಳೆಯಿಂದ ಹೆಚ್ಚು ಕೆಲಸ ಎಂದು ತೋರಿಸುತ್ತಾರೆ.

ತಲೆಬುರುಡೆ ತೆರೆಯುವ ಆಪರೇಷನ್ ಆದರೆ ಪ್ರಶ್ನೆ ಬೇರೆ. ಅಲ್ಲಿ ಅಪಾಯ ಎಳೆತದ್ದು: ಮಿದುಳಿನ ಮುಂಭಾಗವನ್ನು ಎತ್ತಿದಾಗ ಅದರ ಅಡಿಗೆ ಅಂಟಿಕೊಂಡ ಘ್ರಾಣ ನರವೂ ಜೊತೆಗೆ ಏಳುತ್ತದೆ, ಜರಡಿ ಮೂಳೆಯ ಹತ್ತಿರ ಎಳೆಗಳು ಕಿತ್ತುಬರುತ್ತವೆ. ಮೊದಲು ಸಿಎಸ್‌ಎಫ್ ಹೊರಬಿಟ್ಟು ಮಿದುಳನ್ನು ಸಡಿಲ ಮಾಡುವುದು, ಅಂಟಿದ ಪೊರೆಯನ್ನು ಹರಿಯದೆ ಕತ್ತರಿಯಿಂದಲೇ ಬಿಡಿಸುವುದು, ಬಿಡಿಸಿದ ನರವನ್ನು ಜೆಲಾಟಿನ್ ಸ್ಪಂಜು, ಫೈಬ್ರಿನ್ ಅಂಟಿನಿಂದ ಇದ್ದಲ್ಲೇ ಹಿಡಿದಿಡುವುದು, ಇವು ಅದಕ್ಕಿರುವ ಉಪಾಯಗಳು.

ಮೊದಲ ಎರಡು ವಾರ

ಈ ದಿನಗಳಲ್ಲಿ ವಾಸನೆ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಮೂಗಿಗೆ ತುಂಬಿದ ಪ್ಯಾಕ್, ಆಸರೆಗಿಟ್ಟ ಸ್ಪ್ಲಿಂಟ್, ಒಣಗಿದ ರಕ್ತ, ಊತ ಇವುಗಳ ನಡುವೆ ಗಾಳಿ ವಾಸನೆಯ ಪೊರೆ ಇರುವ ಮೇಲಿನ ಸಂದಿಗೆ ತಲುಪುವುದೇ ಇಲ್ಲ.

ಮೂಗು ಸೀನುವಂತಿಲ್ಲ, ಅಂದರೆ ಹಿಂಡಿ ಸಿಂಬಳ ತೆಗೆಯುವಂತಿಲ್ಲ. ಸೀನು ತಾನಾಗಿ ಬಂದರೆ ತಡೆಯದೆ ಬಾಯಿ ತೆರೆದು ಬಿಡಿ. ತಲೆದಿಂಬು ಎತ್ತರಿಸಿ ಮಲಗಿ. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಕೇಳಿ, ತಿಣುಕಿದರೆ ತಲೆಯೊಳಗಿನ ಒತ್ತಡ ಏರಿ ಮುಚ್ಚಿದ್ದು ಸೋರಬಹುದು. ಬಿಂದಿಗೆ ಎತ್ತುವುದು, ಬಗ್ಗಿ ನೆಲ ಒರೆಸುವುದು, ಕಪಾಲಭಾತಿ, ಜಲನೇತಿ ಎಲ್ಲವೂ ಡಾಕ್ಟರು ಹೇಳುವವರೆಗೆ ಬಂದ್. ಗೊರಕೆಗೆ ಸಿಪ್ಯಾಪ್ ಯಂತ್ರ ಬಳಸುತ್ತಿದ್ದರೆ ಕೇಳದೆ ಮತ್ತೆ ಶುರು ಮಾಡಬೇಡಿ, ಅದರ ಗಾಳಿ ತಲೆಬುರುಡೆಯೊಳಕ್ಕೆ ನುಗ್ಗುವ ಅಪಾಯವಿದೆ.

ಬಗ್ಗಿದಾಗ ಒಂದು ಹೊಳ್ಳೆಯಿಂದ ನೀರಿನಷ್ಟು ತೆಳ್ಳಗೆ, ಬಣ್ಣವಿಲ್ಲದೆ ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪು ಇಳಿದಂತಾದರೆ ಅದು ಸಿಎಸ್‌ಎಫ್ ಇರಬಹುದು. ಅದೇ ದಿನ ಆಸ್ಪತ್ರೆಗೆ ತಿಳಿಸಿ. ಜ್ವರ, ಕತ್ತು ಬಿಗಿತ, ತಡೆಯಲಾಗದ ತಲೆನೋವು ಜೊತೆಗಿದ್ದರೆ ರಾತ್ರಿಯಾದರೂ ಹೊರಡಿ.

ಉಪ್ಪುನೀರಿನ ತೊಳೆತ ಮತ್ತು ಹಕ್ಕಳೆ

ವಾಸನೆ ಹೋಗಲು ಇರುವ ಕಾರಣಗಳಲ್ಲಿ ಸರಿಪಡಿಸಲು ಸುಲಭವಾದದ್ದು ಇದು, ಜನ ಉದಾಸೀನ ಮಾಡುವುದೂ ಇದನ್ನೇ. ಫ್ಲ್ಯಾಪ್ ತೆಗೆದ ಮೂಗಿನಲ್ಲಿ 6ರಿಂದ 12 ವಾರ ಹಕ್ಕಳೆ ಕಟ್ಟುತ್ತಲೇ ಇರುತ್ತದೆ. ಅದು ಮೇಲಿನ ಸಂದಿಯನ್ನು ಮುಚ್ಚುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಡುಗೋಡೆಯ ಹಸಿ ಗಾಯವೂ ನಡುವಿನ ಟರ್ಬಿನೇಟಿನ ಹಸಿ ಗಾಯವೂ ತಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಪೊರೆಯೂ ನರವೂ ಚೆನ್ನಾಗೇ ಇದ್ದು ಗಾಳಿ ಹೋಗುವ ದಾರಿಯೇ ಮುಚ್ಚಿರುತ್ತದೆ.

ಮೊದಲ ದಿನಗಳಲ್ಲಿ ಬರೀ ಸಲೈನ್ ಸ್ಪ್ರೇ. ಬಾಟಲಿಯಿಂದ ತೊಳೆಯುವುದು ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ, ಸಾಮಾನ್ಯವಾಗಿ ಒಂದೆರಡು ವಾರ ಕಳೆದು. ನೀರು ಹೀಗೆ ತಯಾರಿಸಿ: 1 ಲೀಟರ್ ನೀರನ್ನು ಕೊತಕೊತ ಕುದಿ ಬಂದ ಮೇಲೂ ಮೂರು ನಿಮಿಷ ಬಿಟ್ಟು, ಮುಚ್ಚಿಟ್ಟು ಆರಿಸಿ. 9 ಗ್ರಾಂ ಉಪ್ಪು, ಅಂದರೆ ತಲೆ ಸವರಿದ ಒಂದೂವರೆ ಟೀ ಚಮಚ ಪುಡಿ ಉಪ್ಪು, ಜೊತೆಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಕರಗಿಸಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಕಲ್ಲುಪ್ಪಿನಲ್ಲಿ ಮಣ್ಣಿರುತ್ತದೆ, ಚಮಚದ ಅಳತೆಯೂ ತಪ್ಪುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಪುಡಿಯ ಪೊಟ್ಟಣವಾದರೆ ಈ ತಾಪತ್ರಯವೇ ಇಲ್ಲ.

ಆರ್‌ಒ ನೀರಾದರೂ ಕುದಿಸಲೇಬೇಕು. ನಲ್ಲಿ, ಬಾವಿ, ಕೆರೆಯ ನೀರಿನಲ್ಲಿ ಇರಬಹುದಾದ ನೇಗ್ಲೇರಿಯಾ ಎಂಬ ಅಮೀಬಾ ಕುಡಿದರೆ ಏನೂ ಮಾಡುವುದಿಲ್ಲ, ಮೂಗಿನ ಚಾವಣಿಗೆ ತಲುಪಿದರೆ ವಾಸನೆಯ ನರ ಹಿಡಿದೇ ಮಿದುಳಿಗೆ ಏರುತ್ತದೆ. ಅದರಿಂದ ಬದುಕುಳಿದವರು ವಿರಳ.

ಸಿಂಕಿನ ಮೇಲೆ ತುಸು ಬಗ್ಗಿ (ಬಗ್ಗಲು ಅನುಮತಿ ಸಿಕ್ಕ ಮೇಲೆ), ಬಾಯಿ ತೆರೆದು ಉಸಿರಾಡುತ್ತ, ಉಗುರುಬೆಚ್ಚಗಿನ 240 ಮಿಲಿಲೀಟರ್ ಅನ್ನು ಎರಡು ಹೊಳ್ಳೆಗೂ ಅರ್ಧರ್ಧ ಬಿಡಿ. ಬಾಟಲಿಯನ್ನು ಮೆಲ್ಲಗೆ ಅದುಮಿ, ನೀರು ಇನ್ನೊಂದು ಹೊಳ್ಳೆಯಿಂದ ತಾನಾಗಿ ಇಳಿಯಲಿ. ದಿನಕ್ಕೆ ಎರಡು ಸಲ. ಉರಿಯಾದರೆ ಉಪ್ಪು ಹೆಚ್ಚೋ ಕಡಿಮೆಯೋ ಆಗಿದೆ ಎಂದರ್ಥ, ಕಿವಿ ಗುಂಯ್ ಎಂದರೆ ಅದುಮಿದ್ದು ಜೋರಾಯಿತು. ತಯಾರಿಸಿದ ನೀರನ್ನು ಮರುದಿನಕ್ಕೆ ಇಡಬೇಡಿ.

ಹಕ್ಕಳೆಯನ್ನು ಬೆರಳಿನಿಂದಾಗಲಿ ಇಯರ್‌ಬಡ್‌ನಿಂದಾಗಲಿ ಕೀಳಬೇಡಿ. ಕ್ಲಿನಿಕ್ಕಿನಲ್ಲಿ ಎಂಡೋಸ್ಕೋಪ್ ಹಾಕಿ ತೆಗೆಯಲು ಮೊದಲ ಸಲ ಒಂದೆರಡು ವಾರಕ್ಕೆ, ಆಮೇಲೆ ಮೂಗು ಶುಭ್ರವಾಗುವವರೆಗೆ ಕೆಲವು ವಾರಕ್ಕೊಮ್ಮೆ ಕರೆಯುತ್ತಾರೆ. ದೂರದ ಊರಿನವರು 'ಸ್ಕ್ಯಾನ್ ಚೆನ್ನಾಗಿದೆ, ಇನ್ಯಾಕೆ ಅಲೆಯೋದು' ಎಂದು ಈ ಭೇಟಿಗಳನ್ನೇ ತಪ್ಪಿಸುತ್ತಾರೆ. ಬರಲು ಆಗದಿದ್ದರೆ ನಿಮ್ಮ ಜಿಲ್ಲೆಯ ಇಎನ್‌ಟಿ ಡಾಕ್ಟರಿಗೆ ಪತ್ರ ಬರೆಸಿಕೊಂಡು ಅಲ್ಲೇ ತೆಗೆಸಿ.

ಮೂಗಿಗೆ ಅಭ್ಯಾಸ

ಮೂಗು ಸ್ವಚ್ಛವಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ವಾಸನೆಯ ಅಭ್ಯಾಸ ಶುರು ಮಾಡಬಹುದು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ ಇದು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ನಾಲ್ಕು ವಾಸನೆ, ದಿನಕ್ಕೆ ಎರಡು ಸಲ, 12 ವಾರ. ನಾಲ್ಕು ಚಿಕ್ಕ ಗಾಜಿನ ಬಾಟಲಿಗಳಲ್ಲಿ ಹತ್ತಿಯಿಟ್ಟು ಒಂದೊಂದು ಎಣ್ಣೆಯ ಕೆಲವು ಹನಿ ಹಾಕಿ. ಪನ್ನೀರಿನ ವಾಸನೆ ತೀರಾ ತೆಳು, ಗುಲಾಬಿ ಅತ್ತರು ಆದೀತು. ಒಂದೊಂದನ್ನು 15ರಿಂದ 20 ಸೆಕೆಂಡ್ ಚಿಕ್ಕಚಿಕ್ಕ ಉಸಿರಿನಲ್ಲಿ ಮೂಸಿ, ಆ ವಾಸನೆ ಹೇಗಿರುತ್ತಿತ್ತೆಂದು ನೆನೆಸಿಕೊಳ್ಳಿ. ಜೋರಾಗಿ ಎಳೆಯಬೇಡಿ. ಊದುಬತ್ತಿಯ ಹೊಗೆ ಇದಕ್ಕೆ ಬೇಡ.

ಸೋಂಕಿನಿಂದ ವಾಸನೆ ಕಳೆದುಕೊಂಡವರಲ್ಲಿ ಇದರ ಫಲ ಹೆಚ್ಚು ಪರೀಕ್ಷೆಗೆ ಒಳಪಟ್ಟಿದೆ, ಆಪರೇಷನ್ ಆದವರಲ್ಲಿ ಅಷ್ಟಿಲ್ಲ. ಆದರೂ ಖರ್ಚಿಲ್ಲ, ಅಪಾಯವಿಲ್ಲ, ಮಾಡುವುದೇ ವಾಸಿ. ನಡುವೆ ಕಾಫಿ ಸುಟ್ಟ ರಬ್ಬರಿನಂತೆಯೋ ಈರುಳ್ಳಿ ಕೊಳೆತಂತೆಯೋ ನಾತ ಹೊಡೆಯಲು ಶುರುವಾಗಬಹುದು. ನರ ಚೇತರಿಸುವಾಗ ಹೀಗಾಗುವುದುಂಟು. ಆ ಒಂದು ವಾಸನೆ ಬದಲಿಸಿ, ಅಭ್ಯಾಸ ನಿಲ್ಲಿಸಬೇಡಿ.

ಮಾಡಬಾರದ್ದೂ ಇದೆ. ಸತು ಬೆರೆಸಿದ ಮೂಗಿನ ಜೆಲ್ ವಾಸನೆಯನ್ನೇ ಕೆಡಿಸುತ್ತದೆ, ಅಮೆರಿಕದ ಎಫ್‌ಡಿಎ 2009ರಲ್ಲಿ ಇಂಥವುಗಳ ಬಗ್ಗೆ ಎಚ್ಚರಿಸಿದೆ. ಮೂಗು ಬಿಡಿಸುವ ಹನಿಗಳನ್ನು ವಾರಕ್ಕಿಂತ ಹೆಚ್ಚು ಹಾಕಿದರೆ ಊತ ತಿರುಗಿ ಬರುತ್ತದೆ. ಪಿಟ್ಯುಟರಿ ರೋಗಿಗಳು ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದರೆ ಪಕ್ಕದ ಮನೆಯವರು ಹೇಳಿದರೆಂದು ಇನ್ನೊಂದು ಸ್ಟೀರಾಯ್ಡ್ ಸೇರಿಸುವುದು, ಇದ್ದದ್ದನ್ನು ಬಿಡುವುದು ಎರಡೂ ಜೀವಕ್ಕೆ ಕುತ್ತು.

ಮೂರು ತಿಂಗಳಿಗೆ ಮತ್ತೆ ಅಳೆಯಿರಿ

ಮೊದಲ ತಿಂಗಳು ಎಲ್ಲಕ್ಕಿಂತ ಕೆಟ್ಟದ್ದು. ಪೊರೆ ಉಳಿದಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ವಾಸನೆ ಹಿಂದಿನ ಮಟ್ಟಕ್ಕೋ ಅದರ ಹತ್ತಿರಕ್ಕೋ ಬರುತ್ತದೆ, ಕೆಲವರಿಗೆ ವರ್ಷವಾಗುತ್ತದೆ. ಮೂರನೆಯ ಮತ್ತು ಆರನೆಯ ತಿಂಗಳಿಗೆ ಅದೇ ಆರು ಡಬ್ಬಿಗಳನ್ನು ಹೊಸ ಪದಾರ್ಥ ತುಂಬಿ ತೆಗೆಯಿರಿ, ಎಡ ಬಲ ಬೇರೆಬೇರೆ ನೋಡಿ, ಹಳೆಯ ಹಾಳೆಯ ಪಕ್ಕದಲ್ಲೇ ಬರೆಯಿರಿ. ಹಬ್ಬದ ಊಟ ರುಚಿಸಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಯ ಕೆಲಸ, ಖಾರ ಟ್ರೈಜೆಮಿನಲ್‌ನದು, ವಾಸನೆ ಇಲ್ಲದೆಯೂ ಅವು ತಿಳಿಯುತ್ತವೆ. ಸಾರು ಸಪ್ಪೆಯೆಂದು ಉಪ್ಪು ಸುರಿಯತೊಡಗಿದರೆ ಮಾತ್ರ ಬಿಪಿ ಇರುವವರು ಎಚ್ಚರ.

ಆರು ತಿಂಗಳಾದರೂ ಹಾಳೆಯಲ್ಲಿ ಏರಿಕೆ ಕಾಣದಿದ್ದರೆ ಎರಡೂ ಹಾಳೆ ಹಿಡಿದು ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ಮೇಲಿನ ಸಂದಿಯನ್ನೇ ಎಂಡೋಸ್ಕೋಪಿನಲ್ಲಿ ನೋಡಲು ಕೇಳಿ. ಬೆಸುಗೆ ಕಂಡರೆ ಅದನ್ನು ಬಿಡಿಸಬಹುದು, ಪಾಲಿಪ್ ಅಥವಾ ಸೈನಸ್ ಸೋಂಕು ಕಂಡರೆ ಅದಕ್ಕೆ ಔಷಧಿಯಿದೆ. ಸಂದಿ ತೆರೆದೇ ಇದ್ದು ವಾಸನೆ ಇಲ್ಲವಾದರೆ ಪೆಟ್ಟು ಪೊರೆಗೋ ನರಕ್ಕೋ ಬಿದ್ದಿದೆ. ಗಡ್ಡೆಯ ಫಾಲೋಅಪ್‌ಗೆಂದು ಹೇಗೂ ಮಾಡಿಸುವ ಎಂಆರ್‌ಐಯಲ್ಲಿ ಘ್ರಾಣ ಬಲ್ಬ್‌ಗಳನ್ನೂ ನೋಡಿ ವರದಿ ಬರೆಯುವಂತೆ ರೇಡಿಯಾಲಜಿ ಚೀಟಿಯಲ್ಲೇ ಬರೆಸಿ.